ನೆಲದಾಗಿನ ಟೆಲಿಫೋನ್ ಕೇಬಲ್ ಜಾಯಿಂಟ್ ಮಾಡೋದು, ನೀರು ಹೋಗದಂಗ ಮುಚ್ಚೋದು: ಮೊದಲಿಂದ ಕಡೀ ತನಕ

ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಈ ಪಟ್ಟಿಯೊಳಗ ಕೇಬಲ್ ಜಾಯಿಂಟ್ ಕೆಲಸ ಮಾಡಿದಾಂವ ನಾನು. ನಮ್ಮ ಕಡೆ ಫೋನ್ ಕಂಪ್ಲೇಂಟ್ ಬರೋದು ಮೊದಲ ಮಳಿ ಬಿದ್ದ ದಿನ ಅಲ್ರಿ, ಎರಡ್ಮೂರು ದಿನ ಬಿಟ್ಟು. ಎರಿ ಮಣ್ಣು ಬ್ಯಾಸಗಿಯೊಳಗ ಬಾಯಿ ಬಿಟ್ಟಿರತೈತಿ, ಕೈ ಹೋಗುವಷ್ಟು ಬಿರುಕು, ಮಳಿ ನೀರು ಅದರಾಗ ಸೀದಾ ಕೇಬಲ್ ತನಕ ಇಳೀತೈತಿ, ಅಲ್ಲಿ ಸಂದಿ ಹುಡಕತೈತಿ, ಸಿಕ್ಕ ಮ್ಯಾಲ ನಿಧಾನಕ್ಕ ಒಳಗ ಹೊಕ್ಕು ಒಂದೊಂದ ಪೇರ್, ಅಂದ್ರ ಹೊಸೆದ ಜೋಡಿ ತಂತಿ, ತಿನ್ನಾಕ ಚಾಲೂ ಮಾಡತೈತಿ. ಆ ಸಂದಿ ಹತ್ತರಾಗ ಒಂಬತ್ತು ಸಲ ಜಾಯಿಂಟಿನಾಗ ಇರತೈತಿ. ಕೇಬಲ್ಲಿನಾಗ ಫ್ಯಾಕ್ಟರಿಯವ್ರು ತುದಿಯಿಂದ ತುದಿ ತನಕ ನೀರು ಹೋಗದಂಗ ಜೆಲ್ಲಿ ಅನ್ನೋ ಜಿಡ್ಡು ತುಂಬಿ ಕಳಿಸಿರತಾರ, ಅದನ್ನ ಬಿಚ್ಚಿ ಗಾಳಿಗೆ ಇಟ್ಟವ್ರು ನಾವ. ಹಂಗಾಗಿ ತಂತಿ ಕೂಡಿಸೋದಕ್ಕ ಎಷ್ಟು ಟೈಮ್ ಕೊಡ್ತೀರಿ ಅಷ್ಟ ಟೈಮ್ ಮುಚ್ಚೋದಕ್ಕೂ ಕೊಡಬೇಕ, ಇದನ್ನ ಇಡೀ ಬರಹದಾಗ ಮತ್ತ ಮತ್ತ ಹೇಳ್ತೀನಿ.

ಈಗ ಎಲ್ಲಾ ಫೈಬರ್ ಆತಲ್ಲ ಕಾಕಾ, ತಾಮ್ರದ ಕೇಬಲ್ ಯಾರಿಗೆ ಬೇಕ ಅಂತ ಹುಡುಗ್ರು ಕೇಳ್ತಾರ. ದೊಡ್ಡ ಕ್ಯಾಂಪಸ್‌ಗಳ ಇಂಟರ್‌ಕಾಮ್, ಫ್ಯಾಕ್ಟರಿ, ಆಸ್ಪತ್ರಿ, ಹಳೇ ಲ್ಯಾಂಡ್‌ಲೈನ್ ಇನ್ನೂ ಇಟ್ಕೊಂಡ ಮನಿಗಳು, ಇವೆಲ್ಲಾ ಅದರ ಮ್ಯಾಲ ಅದಾವ. ರೈಲ್ವೆದವ್ರು ಹಳಿ ಪಕ್ಕದಾಗ ಆರು ಕ್ವಾಡ್ ಕೇಬಲ್ (ಒಂದು ಕ್ವಾಡ್ ಅಂದ್ರ ಕೂಡಿಸಿ ಹೊಸೆದ ನಾಕು ತಂತಿ) ಹಾಕ್ತಾರ, ಅದೂ 0.9 ಮಿಲಿಮೀಟರ್ ತಾಮ್ರನ, ನೈಋತ್ಯ ರೈಲ್ವೆ ಹೆಡ್ ಆಫೀಸ್ ನಮ್ಮ ಹುಬ್ಬಳ್ಳ್ಯಾಗ ಇರೋದ್ರಿಂದ ಆ ಕಾಂಟ್ರ್ಯಾಕ್ಟ್ ಹಿಡಿಯೋ ಹುಡುಗ್ರು ಇಲ್ಲಿ ಭಾಳ ಮಂದಿ ಅದಾರ. ರೈಲ್ವೆ ಕೇಬಲ್ಲಿಗೆ ಅವರದ ಬ್ಯಾರೆ ರೂಲ್ಸ್ ಇರತಾವ, ನಾ ಇಲ್ಲಿ ಹೇಳೋದು ಜೆಲ್ಲಿ ತುಂಬಿದ ಟೆಲಿಫೋನ್ ಕೇಬಲ್ ಬಗ್ಗೆ. ಆದ್ರ ಮುಚ್ಚೋ ವಿದ್ಯಾ ಎರಡಕ್ಕೂ ಒಂದ.

ಕೇಬಲ್ ಒಳಗ ಏನೈತಿ

ಮ್ಯಾಲಿನಿಂದ ಸುಲಕೋತ ಹೋದ್ರ ಮೊದಲ ಕರೀ ಪಾಲಿಥಿನ್ ಸಿಪ್ಪಿ, ಅದರ ಕೆಳಗ ಆರ್ಮರ್ ಅಂದ್ರ ಸ್ಟೀಲ್ ಪಟ್ಟಿ, ಮತ್ತೊಂದು ಪಾಲಿಥಿನ್ ಸಿಪ್ಪಿ, ಅದಕ್ಕ ಒಳಗಿಂದ ಅಂಟಿದ ಅಲ್ಯೂಮಿನಿಯಂ ಪಟ್ಟಿ, ಆಮ್ಯಾಲ ಪ್ಲಾಸ್ಟಿಕ್ ಟೇಪ್ ಸುತ್ತಿದ ಪೇರ್‌ಗಳು, ಅವುಗಳ ನಡುವ ಜೆಲ್ಲಿ. ತಂತಿ ದಪ್ಪ 0.4, 0.5, 0.63, 0.9 ಮಿಲಿಮೀಟರ್, ಹಿಂಗ ಬರತಾವ. ಊರಾಗ ಹೆಚ್ಚಾಗಿ ಸಿಗೋದು 0.4 ಮತ್ತ 0.5.

ಬಣ್ಣ ಬಾಯಿಪಾಠ ಆಗಬೇಕ. ಪೇರಿನ ಮೊದಲ ತಂತಿ ಬಿಳಿ, ಕೆಂಪು, ಕಪ್ಪು, ಹಳದಿ. ಜೊತಿ ತಂತಿ ನೀಲಿ, ಆರೆಂಜ್, ಹಸಿರು, ಬ್ರೌನ್, ಸ್ಲೇಟ್. ಬಿಳಿ ಜೊತಿ ಆ ಐದೂ ಬಣ್ಣ ಬಂದ್ರ 1 ರಿಂದ 5ನೇ ಪೇರ್, ಕೆಂಪು ಜೊತಿ 6 ರಿಂದ 10, ಕಪ್ಪು ಜೊತಿ 11 ರಿಂದ 15, ಹಳದಿ ಜೊತಿ 16 ರಿಂದ 20. ಹಿಂಗ 20 ಪೇರ್ ಒಂದು ಯೂನಿಟ್, ಅದಕ್ಕ ಒಂದು ಬಣ್ಣದ ದಾರ ಸುತ್ತಿರತಾರ, 100 ಪೇರ್ ಕೇಬಲ್ಲಿನಾಗ ಇಂಥಾ ಐದು ಯೂನಿಟ್, ದಾರದ ಬಣ್ಣ ಮತ್ತ ಅದ ಕ್ರಮ: ನೀಲಿ, ಆರೆಂಜ್, ಹಸಿರು, ಬ್ರೌನ್, ಸ್ಲೇಟ್. ಅಂದ್ರ ಹಸಿರು ದಾರದ ಯೂನಿಟ್ಟಿನಾಗ ಕೆಂಪು-ಆರೆಂಜ್ ಅಂದ್ರ ಎಷ್ಟನೇ ಪೇರ್? ಮೊದಲೆರಡು ಯೂನಿಟ್ಟಿಂದು 40, ಇದು 7ನೇದು, 47. ಇದು ಎರಡು ಸೆಕೆಂಡಿನಾಗ ಬಾಯಿಗೆ ಬರಬೇಕ, ಯಾಕಂದ್ರ ತಗ್ಗಿನಾಗ ಕುಂತಾಗ ಕೈ ತುಂಬ ಜೆಲ್ಲಿ ಇರತೈತಿ, ಪುಸ್ತಕ ತಗಿಯಾಕ ಆಗಂಗಿಲ್ಲ.

ತಗ್ಗು ತಗಿಯೋದು

ಕೇಬಲ್ ಸಾಮಾನ್ಯ ಒಂದು ಮೀಟರ್ ಆಳದಾಗ ಇರತೈತಿ, ಮ್ಯಾಲ ಇಟ್ಟಂಗಿ ಇಲ್ಲಾ ಅರ್ಧ ಸಿಮೆಂಟ್ ಪೈಪ್ ಮುಚ್ಚಿರತಾರ. ಇಟ್ಟಂಗಿ ಕಂಡ ಕೂಡ್ಲೇ ಹಾರಿ, ಗುದ್ದಲಿ ಮ್ಯಾಲ ಇಟ್ಟುಬಿಡ್ರಿ, ಅಲ್ಲಿಂದ ಮುಂದ ಕೈಯಿಂದನ ಮಣ್ಣು ತಗೀಬೇಕ. ಜೆಸಿಬಿ ತಂದು ಕೆರೆಯೋದ್ರಿಂದ ಒಂದು ಕಟ್ ಹುಡುಕಾಕ ಹೋಗಿ ಮೂರು ಕಟ್ ಮಾಡಿದ್ದು ನೋಡೇನಿ. ಅಗಿಯೋದಕ್ಕ ಮೊದಲ ಹೆಸ್ಕಾಂದವರಿಗೆ ಮತ್ತ ನೀರಿನ ಪೈಪಿನವರಿಗೆ ಫೋನ್ ಹಚ್ಚಿ ಕೇಳ್ರಿ, ಕರೆಂಟ್ ಕೇಬಲ್ ಪಕ್ಕದಾಗ ಇದ್ರ ಜೀವದ ಪ್ರಶ್ನೆ.

ತಗ್ಗು ದೊಡ್ಡದ ತಗೀರಿ. ಇಬ್ಬರು ಎದರಾಬದರಾ ಕುಂತು ಮೊಣಕೈ ಆಡಸೂ ಹಂಗ ಇರಬೇಕ, ಕೇಬಲ್ಲಿನ ಕೆಳಗೂ ಒಂದು ಗೇಣಿಗಿಂತ ಹೆಚ್ಚು ಜಾಗ ಬೇಕ, ಇಲ್ಲಾಂದ್ರ ಆಮ್ಯಾಲ ಬೆಂಕಿ ಹಿಡಿಯೋವಾಗ ಸ್ಲೀವಿನ (ಜಾಯಿಂಟ್ ಮ್ಯಾಲ ಸುತ್ತೋ, ಕಾಸಿದ್ರ ಕುಗ್ಗಿ ಅಂಟೋ ಹೊದಿಕಿ) ಹೊಟ್ಟಿ ಕೆಳಗ ಜ್ವಾಲಿ ಮುಟ್ಟಂಗಿಲ್ಲ, ಅಲ್ಲೇ ಲೀಕ್. ಮೂಲ್ಯಾಗ ಇನ್ನೊಂದು ಸಣ್ಣ ತಗ್ಗು ಮಾಡ್ರಿ, ನೀರು ಬಂದ್ರ ಅಲ್ಲಿ ಕೂಡ್ಲಿ, ಡಬ್ಬಿಯಿಂದ ತಗದು ಚೆಲ್ಲಬಹುದು. ಮ್ಯಾಲ ತಾಡಪತ್ರಿ ಕಟ್ರಿ, ಮೋಡ ಇರ್ಲಿ ಬಿಡ್ಲಿ. ಧಾರವಾಡದ ಜಿಟಿಜಿಟಿ ಮಳಿ ಗೊತ್ತಲ್ಲ, ಬಂದದ್ದ ಗೊತ್ತಾಗಂಗಿಲ್ಲ, ತಂತಿಗೆ ತಂತಿ ಕೂಡಿಸೋ ಕನೆಕ್ಟರ್ ಮ್ಯಾಲ ಹನಿ ಕುಂತಿರತಾವ. ಕೆಳಗ ಒಂದು ದಪ್ಪ ಪ್ಲಾಸ್ಟಿಕ್ ಹಾಳಿ ಹಾಸ್ರಿ, ಎರಿ ಮಣ್ಣು ಜೆಲ್ಲಿಗೆ ಹತ್ತಿತಂದ್ರ ಬಿಡಿಸೋದು ಭಾಳ ಕಷ್ಟ.

ಮ್ಯಾನ್‌ಹೋಲ್ ಇದ್ರ ಮುಚ್ಚಳ ತಗದ ಕೂಡ್ಲೇ ಇಳಿಯಬ್ಯಾಡ್ರಿ. ಒಳಗ ಕೆಟ್ಟ ಗ್ಯಾಸ್ ಕುಂತಿರತೈತಿ. ಪಕ್ಕದ ಮ್ಯಾನ್‌ಹೋಲ್ ಮುಚ್ಚಳನೂ ತಗದು ಬ್ಲೋವರ್ ಹಚ್ಚಿ ಗಾಳಿ ಆಡಸ್ರಿ, ಗ್ಯಾಸ್ ಡಿಟೆಕ್ಟರ್ ಬಿಟ್ಟು ನೋಡ್ರಿ, ಒಬ್ಬಾಂವ ಮ್ಯಾಲ ನಿಂತಿರಬೇಕ, ಬೆಂಕಿ ಬೀಡಿ ಹತ್ರ ಬರಬಾರದು. ಇದರಾಗ ನಾ ಯಾರ ಮಾತೂ ಕೇಳಂಗಿಲ್ಲ.

ಎರಡು ತುದಿ ಎಳದು ಕೂಡಸಬ್ಯಾಡ್ರಿ

ಕೇಬಲ್ ಕಟ್ ಆದಾಗ ಹೊಸಬರು ಮಾಡೋ ಮೊದಲ ತಪ್ಪು ಇದು. ಎರಡೂ ಕಡೆ ಜಗ್ಗಿ ತುದಿಗೆ ತುದಿ ಕೂಡಿಸಿ ಒಂದ ಜಾಯಿಂಟಿನಾಗ ಮುಗಸಾಕ ನೋಡ್ತಾರ. ಧಾರವಾಡ ಕಡೆ ಕೆಂಪು ಮಣ್ಣಿನಾಗ ಅದು ನಾಕು ದಿನ ನಡದೀತು, ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರಿಯೊಳಗ ನಡಿಯಂಗಿಲ್ಲ. ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ, ಕೇಬಲ್ ಅದರ ಜೊತಿ ಜಗ್ಗಾಡತೈತಿ, ಬಿಗಿ ಇದ್ದ ಜಾಯಿಂಟ್ ತುದಿಯೊಳಗ ಬಿಡತೈತಿ. ಹಾಳಾದ ಭಾಗ ಕತ್ತರಿಸಿ ತಗದು ನಡುವ ಹೊಸ ತುಂಡು ಹಾಕ್ರಿ, ಎರಡು ಜಾಯಿಂಟ್ ಮಾಡ್ರಿ, ಎರಡೂ ಕಡೆ ಅರ್ಧ ಮೀಟರ್ ಆದ್ರೂ ಸಡ್ಲ ಬಿಡ್ರಿ. 100 ಪೇರ್ ಅಂದ್ರ ಒಂದು ಜಾಯಿಂಟಿಗೆ 200 ಕನೆಕ್ಟರ್, ಎರಡಕ್ಕ 400. ಖರ್ಚು ಹೆಚ್ಚಾಗತೈತಿ ಖರೆ, ಆದ್ರ ಮುಂದಿನ ವರ್ಷ ಅದ ತಗ್ಗು ಮತ್ತ ತೋಡೋದು ಉಳೀತೈತಿ.

ಕಟ್ ಆದ ತುದಿಯೊಳಗ ನೀರು ಹೊಕ್ಕಿದ್ರ? ಜೆಲ್ಲಿ ಇರೋದ್ರಿಂದ ದೂರ ಹೋಗಿರಂಗಿಲ್ಲ, ಆದ್ರೂ ಒಂದೊಂದ ಗೇಣು ಕತ್ತರಸ್ಕೋತ ಹೋಗ್ರಿ, ತಾಮ್ರ ಹೊಸಾ ಪೈಸೆದಂಗ ಕೆಂಪಗ ಹೊಳಿಯೋ ತನಕ. ಹಸಿರು ಕಂಡ್ರ ಇನ್ನ ಮುಂದ ಹೋಗಬೇಕಂತ ಅರ್ಥ.

ಸಿಪ್ಪಿ ಬಿಚ್ಚೋದು

ಇಲ್ಲೊಂದು ಕ್ರಮ ಐತಿ, ತಪ್ಪಿಸಬ್ಯಾಡ್ರಿ. ಬಿಚ್ಚೋದಕ್ಕ ಮೊದಲ ಎರಡೂ ಕೇಬಲ್ಲಿನ ಹೊರಗಿನ ಸಿಪ್ಪಿ ಒಂದೊಂದು ಮೊಳ ಉದ್ದ ಒಣಾ ಅರಿವಿಯಿಂದ ಒರಸಿ ಮಣ್ಣು ತಗೀರಿ. ಜೆಲ್ಲಿ ಹೊರಗ ಬಂದ ಮ್ಯಾಲ ಒರಸಿದ್ರ ಮಣ್ಣು ಜೆಲ್ಲಿ ಎರಡೂ ಕೂಡಿ ಸಿಪ್ಪಿಗೆ ಬಳಕೋತಾವ. ಆಮ್ಯಾಲ ಜಾಯಿಂಟ್ ಸಾಮಾನಿನ ಕಿಟ್ಟಿನ ಹಾಳಿಯೊಳಗ ಎಷ್ಟು ಬಿಚ್ಚಬೇಕಂತ ಬರದಿರತೈತಿ, ಅಷ್ಟಕ್ಕ ಗುರ್ತು ಹಾಕ್ರಿ, ಚಾಕುನಿಂದ ಸುತ್ತ ಒಂದು ಗೆರಿ, ಪೂರ್ತಿ ಕತ್ತರಸಬ್ಯಾಡ್ರಿ, ಅರ್ಧ ದಪ್ಪ ಗೆರಿ ಹಾಕಿ ಬಗ್ಗಿಸಿದ್ರ ತಾನ ಬಿಡತೈತಿ. ಚಾಕು ಆಳ ಹೋದ್ರ ಒಳಗಿನ ತಂತಿ ಸಿಪ್ಪಿಗೆ ಗಾಯ ಆಗತೈತಿ, ಅದು ಇವತ್ತು ಕಾಣಂಗಿಲ್ಲ, ಆರು ತಿಂಗಳ ಬಿಟ್ಟು ಕಾಣತೈತಿ.

ಆರ್ಮರ್ ಪಟ್ಟಿ ಕತ್ತರಿಸಿದ ಜಾಗದಾಗ ಬ್ಲೇಡಿನಂಗ ಚೂಪು ಇರತೈತಿ, ಅದನ್ನ ಇಕ್ಕಳದಿಂದ ಮಡಚಿ ಟೇಪ್ ಸುತ್ರಿ. ಪೇರ್‌ಗಳ ಮ್ಯಾಲಿನ ಜೆಲ್ಲಿ ದಪ್ಪ ಇದ್ದದ್ದನ್ನ ಅರಿವಿಯಿಂದ ಜಗ್ಗಿ ತಗೀರಿ, ತೆಳ್ಳಗ ಉಳಿದ್ರ ಉಳೀಲಿ, ಅದು ತಂತಿಗೆ ಕಾವಲು. ಪೆಟ್ರೋಲ್ ಹಾಕಿ ತೊಳೀಬ್ಯಾಡ್ರಿ, ತಗ್ಗಿನಾಗ ಬೆಂಕಿ ಹಚ್ಚೋದು ಐತಿ ಮುಂದ. ಚಿಮಣಿ ಎಣ್ಣಿ ಕೈ ತೊಳ್ಕೊಳ್ಳಾಕ ಇಟ್ಕೋರಿ, ಕೇಬಲ್ ಸಿಪ್ಪಿಗೆ ಮುಟ್ಟಿಸಬ್ಯಾಡ್ರಿ, ಅದರ ಜಿಡ್ಡು ಉಳದ್ರ ಸ್ಲೀವಿನ ಗೋಂದು ಹತ್ತಂಗಿಲ್ಲ.

ಯೂನಿಟ್ ಬಿಡಿಸಿದ ಕೂಡ್ಲೇ ಬಣ್ಣದ ದಾರ ಬಿಚ್ಚಿ ಒಗಿಯಬ್ಯಾಡ್ರಿ, ಸಿಪ್ಪಿ ಬುಡಕ್ಕ ಗಂಟು ಹಾಕಿ ಬಿಡ್ರಿ. ದಾರ ಕಳಕೊಂಡ್ರ ಐದೂ ಯೂನಿಟ್ ಒಂದ ತರಾ ಕಾಣತಾವ, ಆಗ ಟೋನರ್ (ತಂತಿಯೊಳಗ ಸದ್ದು ಬಿಡೋ ಸಾಧನ) ಹಚ್ಚಿ ಎಂಡಿಎಫ್ ಕಡೆ, ಅಂದ್ರ ಎಕ್ಸ್‌ಚೇಂಜಿನಾಗ ಎಲ್ಲಾ ಕೇಬಲ್ ಬಂದು ಕೂಡೋ ಚೌಕಟ್ಟಿನ ಕಡೆ, ಒಬ್ಬಾಂವನ್ನ ನಿಂದರಿಸಿ ಒಂದೊಂದ ಹುಡುಕಬೇಕ.

ತಂತಿ ಕೂಡಿಸೋದು

ಮೊದಲ ಅಲ್ಯೂಮಿನಿಯಂ ಪಟ್ಟಿಗೆ ಕ್ಲಿಪ್ ಹಾಕಿ ಎರಡೂ ಕೇಬಲ್ ನಡುವ ತಂತಿ ಜೋಡಿಸ್ರಿ, ಆರ್ಮರಿಗೂ ಹಂಗ. ಭಾಳ ಮಂದಿ ಇದನ್ನ ಬಿಡ್ತಾರ, ಲೈನ್ ನಡೀತೈತಲ್ಲ ಅಂತಾರ. ಕರೆಂಟ್ ಲೈನ್ ಪಕ್ಕದಾಗ ಹೋಗೋ ಕೇಬಲ್ಲಿಗೆ ಈ ಕಂಟಿನ್ಯುಟಿ ಇಲ್ಲಾಂದ್ರ ಫೋನಿನಾಗ ಗುಂಯ್ ಅಂತ ಸದ್ದು ಬರತೈತಿ, ಸಿಡಿಲಿನ ಹೊಡತಾನೂ ಒಳಗಿನ ಪೇರಿಗೆ ಬೀಳತೈತಿ.

ಈಗ ಯುವೈ ಕನೆಕ್ಟರ್. ಸಣ್ಣದು, ಒಳಗ ಜೆಲ್, ಎರಡು ತಂತಿ ಹೋಗೋ ತೂತು. 0.4 ರಿಂದ 0.63 ತಂತಿಗೆ ಯುವೈ, 0.9 ಇದ್ರ ಇಲ್ಲಾ ಮೂರು ತಂತಿ ಕೂಡಿಸಬೇಕಿದ್ರ ಯುಆರ್. ತಂತಿ ಸಿಪ್ಪಿ ಸುಲಿಯಬಾರದು, ಒಳಗಿನ ಬ್ಲೇಡ್ ತಾನ ಸಿಪ್ಪಿ ಕತ್ತರಿಸಿ ತಾಮ್ರ ಹಿಡೀತೈತಿ. ಎರಡೂ ಕಡೆಯ 47ನೇ ಪೇರ್ ತಗೋರಿ, ನಾಕೂ ತಂತಿ ಬುಡದಾಗ ಕೂಡಿಸಿ ಎರಡ್ಮೂರು ಸುತ್ತು ಹೊಸೀರಿ, ಆಮ್ಯಾಲ ಕೆಂಪಿಗೆ ಕೆಂಪು, ಆರೆಂಜಿಗೆ ಆರೆಂಜ್ ಜೋಡಿ ಮಾಡಿ ತುದಿ ಸರೀ ಕತ್ತರಿಸಿ ಯುವೈ ಒಳಗ ತಳ್ಳ್ರಿ. ಕನೆಕ್ಟರ್ ಹೊಟ್ಟಿ ಪಾರದರ್ಶಕ ಇರತೈತಿ, ಎರಡೂ ತುದಿ ಗ್ವಾಡಿಗೆ ಮುಟ್ಟ್ಯಾವ ಇಲ್ಲೋ ಕಣ್ಣಿಂದ ನೋಡ್ರಿ, ಬೆರಳಿನಿಂದ ತಂತಿ ಹಂಗ ಹಿಡಕೊಂಡ ಇದ್ದು ಕ್ರಿಂಪರ್ (ಕನೆಕ್ಟರ್ ಒತ್ತೋ ಸಾಧನ) ಒತ್ರಿ. ಕ್ರಿಂಪರ್ ಅಂದ್ರ ಕ್ರಿಂಪರ್ರ, ಇಕ್ಕಳ ಅಲ್ಲ. ಇಕ್ಕಳದ ಬಾಯಿ ಓರೆ ಮುಚ್ಚತೈತಿ, ಕನೆಕ್ಟರಿನ ಒತ್ತೋ ಗುಂಡಿಯ ಒಂದ ಬದಿ ಇಳೀತೈತಿ, ಒಂದು ತಂತಿ ಪೂರ್ತಿ ಹಿಡೀತೈತಿ ಇನ್ನೊಂದು ಅರ್ಧ. ಆ ಅರ್ಧ ಹಿಡಿದದ್ದು ಮೀಟರಿಗೆ ಸರಿ ಅಂತ ತೋರಸತೈತಿ, ಬಿಸಲಿಗೆ ಕರಕರ ಅಂತೈತಿ. ಸರಿ ಒತ್ತಿದ್ರ ಸ್ವಲ್ಪ ಜೆಲ್ ಹೊರಗ ಬರತೈತಿ, ಒರಸಬ್ಯಾಡ್ರಿ.

ಎಲ್ಲಾ ಕನೆಕ್ಟರ್ ಒಂದ ಜಾಗದಾಗ ಬಂದ್ರ ಜಾಯಿಂಟ್ ನಡುವ ಹೊಟ್ಟಿ ಬರತೈತಿ, ಸ್ಲೀವ್ ಕೂಡಂಗಿಲ್ಲ. ಅದಕ್ಕ ಸಾಲು ಸಾಲು ಹಂಚ್ರಿ, ಒಂದು ಯೂನಿಟ್ ಒಂದು ಸಾಲು. ತಂತಿ ಬಿಗಿ ಇಡಬ್ಯಾಡ್ರಿ, ನಾಳೆ ಒಂದು ಪೇರ್ ಮತ್ತ ಮಾಡೋದು ಬಂದ್ರ ಕತ್ತರಿಸಿ ಇನ್ನೊಮ್ಮೆ ಹಾಕುವಷ್ಟು ಉಳೀಬೇಕ. ಇಬ್ಬರು ಕುಂತ್ರ 100 ಪೇರ್ ಜಾಯಿಂಟಿಗೆ ಒಂದು ದಿನ ಹಿಡೀರಿ. ದೊಡ್ಡ ಕೇಬಲ್ಲಿಗೆ ಒಮ್ಮೆಲೆ ಎಷ್ಟೋ ಪೇರ್ ಒತ್ತೋ ಮಾಡ್ಯೂಲ್ ಬಂದಾವ, ಮಷೀನ್ ಇದ್ದವ್ರು ಅದನ್ನ ಬಳಸ್ರಿ.

ಲೈನ್ ನಡೀತಿರೋ ಕೇಬಲ್ ಆದ್ರ ಆಸ್ಪತ್ರಿ, ಪೊಲೀಸ್ ಸ್ಟೇಷನ್ ಪೇರ್ ಯಾವ ಅಂತ ಮೊದಲ ಕೇಳ್ಕೊಂಡು ಅವನ್ನ ಮೊದಲ ಕೂಡಿಸ್ರಿ. ಲೈನಿನಾಗ 48 ವೋಲ್ಟ್ ಡಿಸಿ ಇರತೈತಿ, ಅದೇನೂ ಮಾಡಂಗಿಲ್ಲ, ರಿಂಗ್ ಬಂದಾಗ 75 ವೋಲ್ಟ್ ಆಸುಪಾಸು ಎಸಿ ಬರತೈತಿ, ಒದ್ದಿ ಕೈಗೆ ಚಲೋ ಹೊಡೀತೈತಿ.

ಸ್ಪ್ಲಿಟ್ ಪೇರ್

ಇದರ ಬಗ್ಗೆ ಬ್ಯಾರೆನ ಹೇಳಬೇಕ, ಯಾಕಂದ್ರ ಇದು ಮೀಟರಿಗೆ ಸಿಗಂಗಿಲ್ಲ. ಬಿಳಿ-ನೀಲಿ ಮತ್ತ ಬಿಳಿ-ಆರೆಂಜ್ ಎರಡು ಪೇರ್ ಬಿಚ್ಚಿ ಕೈಯಾಗ ಹಿಡದಾಗ ಎರಡೂ ಬಿಳಿ ಅದಲು ಬದಲಾದ್ವು ಅನ್ಕೋರಿ. ಮುಂದ ಇನ್ನೊಂದು ಜಾಯಿಂಟಿನಾಗ ಯಾರೋ ಅದನ್ನ ಎಂಡ್ ಟು ಎಂಡ್ ನೋಡಿ ತಿದ್ದಿದ್ರು ಅಂದ್ರ ತುದಿಯಿಂದ ತುದಿಗೆ ಎಲ್ಲಾ ಸರಿ ಬರತೈತಿ, ರೆಸಿಸ್ಟೆನ್ಸ್ ಸರಿ, ಶಾರ್ಟ್ ಇಲ್ಲ, ಅರ್ತ್ ಇಲ್ಲ. ಆದ್ರ ನಡುವಿನ ಅಷ್ಟು ದೂರ ತಂತಿ ತನ್ನ ಜೋಡಿ ಜೊತಿ ಹೊಸಕೊಂಡು ಹೋಗ್ತಿಲ್ಲ, ಮತ್ತೊಬ್ಬರ ಜೋಡಿ ಜೊತಿ ಹೊಂಟೈತಿ. ಪೇರ್ ಹೊಸೆಯೋದ ಪಕ್ಕದವರ ಸದ್ದು ಹತ್ತಬಾರದು ಅಂತ, ಅದ ಹೋತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳತೈತಿ, ಡಿಎಸ್‌ಎಲ್ (ಫೋನ್ ತಂತಿ ಮ್ಯಾಲಿನ ಇಂಟರ್ನೆಟ್) ಇದ್ರ ಸ್ಪೀಡ್ ಬೀಳತೈತಿ, ಘಳಿಗಿಗೊಮ್ಮೆ ಕಟ್ ಆಗತೈತಿ. ಇದಕ್ಕ ಒಂದ ಔಷಧ: ಪೇರ್ ಬುಡದಿಂದ ಹೊಸೆದದ್ದನ್ನ ಬಿಚ್ಚದನ ತುದಿ ತನಕ ಬೆರಳ ಹಿಡಕೊಂಡು ಬರ್ರಿ, ಒಂದ ಸಲಕ್ಕ ಒಂದ ಪೇರ್ ಮಾತ್ರ ಬಿಚ್ಚ್ರಿ. ಅನುಮಾನ ಬಂದ್ರ ಒಂದು ಪೇರಿಗೆ ಟೋನ್ ಹಾಕಿ ಪಕ್ಕದ ಪೇರಿನಾಗ ಕಿವಿ ಇಟ್ಟು ಕೇಳ್ರಿ, ಜೋರಾಗಿ ಕೇಳಿದ್ರ ಸ್ಪ್ಲಿಟ್ ಐತಿ.

ಮುಚ್ಚೋದಕ್ಕ ಮೊದಲ ಟೆಸ್ಟ್

ದೂರದ ತುದಿ ಶಾರ್ಟ್ ಮಾಡಿ ಈ ಕಡೆಯಿಂದ ಲೂಪ್ ರೆಸಿಸ್ಟೆನ್ಸ್ ನೋಡ್ರಿ. 0.5 ತಂತಿಗೆ ಕಿಲೋಮೀಟರಿಗೆ ಸುಮಾರು 175 ಓಮ್, 0.4 ಗೆ ಸುಮಾರು 275 ಓಮ್. ಎರಡು ಕಿಲೋಮೀಟರ್ 0.5 ಕೇಬಲ್ ಅಂದ್ರ 350 ಹತ್ರ ಬರಬೇಕ. ಎಲ್ಲಾ ಪೇರ್ 350 ತೋರಿಸಿ ಒಂದು ಮಾತ್ರ 380 ತೋರಿಸಿದ್ರ ಆ ಪೇರಿನ ಕನೆಕ್ಟರ್ ಕತ್ತರಿಸಿ ಹೊಸದು ಹಾಕ್ರಿ, ನಾಳೆಗೆ ಇಡಬ್ಯಾಡ್ರಿ. ತಂತಿ ತಂತಿ ನಡುವ, ತಂತಿ ಅರ್ತ್ ನಡುವ ಮೆಗ್ಗರ್ (ಇನ್ಸುಲೇಷನ್ ಅಳಿಯೋ ಮೀಟರ್) ಹಚ್ಚಿ ಇನ್ಸುಲೇಷನ್ ನೋಡ್ರಿ. ಮೆಗ್ಗರ್ 500 ವೋಲ್ಟ್ ಬಿಡತೈತಿ, ಎರಡೂ ತುದಿಯೊಳಗ ಎಕ್ಸ್‌ಚೇಂಜ್ ಕಾರ್ಡು, ಮೋಡೆಮ್, ಫೋನು ಬಿಚ್ಚಿದ ಮ್ಯಾಲ ಮಾತ್ರ ಹಚ್ಚಬೇಕ, ಇಲ್ಲಾಂದ್ರ ಸುಟ್ಟು ಹೋಗತಾವ. ನಾ ಅಂತೂ 100 ಮೆಗಾಓಮ್ ಕೆಳಗ ಬಂದ ಪೇರ್ ಇದ್ರ ಜಾಯಿಂಟ್ ಮುಚ್ಚತಿದ್ದಿಲ್ಲ. ಹೊಸ ಕೇಬಲ್ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಸತೈತಿ.

ಹಸಿ ಹೊಕ್ರ ಏನಾಗತೈತಿ ಅಂತ ಗೊತ್ತಿದ್ರ ಈ ಟೆಸ್ಟಿಗೆ ಬ್ಯಾಸರ ಬರಂಗಿಲ್ಲ. ಎಕ್ಸ್‌ಚೇಂಜ್ ಬ್ಯಾಟರಿಯ ಪಾಸಿಟಿವ್ ಅರ್ತಿಗೆ ಕಟ್ಟಿರತಾರ, ಲೈನ್ ಮೈನಸ್ 48, ನೆಲಕ್ಕ ಲೀಕ್ ಆದ್ರೂ ತಾಮ್ರ ಸವೀಬಾರದು ಅಂತ. ಆದ್ರ ಪೇರಿನ ಎರಡೂ ತಂತಿ ನಡುವ ನೀರು ನಿಂತ್ರ ಪಾಸಿಟಿವ್ ಕಡೆಯ ತಂತಿ ಕರಗತೈತಿ, ಹಸಿರು ಪುಡಿ ಆಗತೈತಿ, ಒಂದಿನ ತುಂಡಾಗತೈತಿ.

ಸ್ಲೀವ್ ಹಾಕೋದು

ಇಲ್ಲಿಂದ ಅವಸರ ಬ್ಯಾಡ. ಸಂಜಿ ಆಗಿತ್ತಂದ್ರ ಬ್ಯಾಟರಿ ಲೈಟ್ ತರಸ್ರಿ.

ಪೇರ್‌ಗಳ ಮ್ಯಾಲ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ರಿ. ಅದರ ಮ್ಯಾಲ ಕಿಟ್ಟಿನ ಅಲ್ಯೂಮಿನಿಯಂ ಲೈನರ್, ಇದು ಬೆಂಕಿ ಕಾವು ಒಳಗ ಹೋಗದಂಗ ತಡೀತೈತಿ, ಜಾಯಿಂಟಿಗೆ ಆಕಾರಾನೂ ಕೊಡತೈತಿ. ಲೈನರಿನ ಹಲ್ಲು ಹಲ್ಲು ತುದಿ ಕೇಬಲ್ ಮ್ಯಾಲ ಬಗ್ಗಿಸಿ ಟೇಪ್ ಸುತ್ತ್ರಿ, ಚೂಪು ಉಳೀಬಾರದು.

ಈಗ ಸಿಪ್ಪಿ ಸ್ವಚ್ಛ. ಕಿಟ್ಟಿನಾಗ ಬಂದ ಕ್ಲೀನಿಂಗ್ ಹಾಳಿಯಿಂದ ಒರಸ್ರಿ, ಒಣಗ್ಲಿ, ಆಮ್ಯಾಲ ಎಮರಿ ಪಟ್ಟಿಯಿಂದ ಉಜ್ಜ್ರಿ, ಹೊಳಪು ಹೋಗಿ ಮಬ್ಬು ಆಗೋ ತನಕ. ಉಜ್ಜೋದು ಕೇಬಲ್ಲಿನ ಸುತ್ತ, ಉದ್ದಕ್ಕ ಅಲ್ಲ. ಇದನ್ನ ಒಂದು ಘಟನಾದಾಗ ಕಲ್ತೇನಿ. ಅಣ್ಣಿಗೇರಿ ರಸ್ತೇದಾಗ ಬ್ಯಾಸಗ್ಯಾಗ ನಾನ ಮಾಡಿದ ಜಾಯಿಂಟ್, ನಾಕು ಮಳಿಗೆ ಹೋತು. ತಗದು ನೋಡಿದ್ವಿ, ಸ್ಲೀವ್ ಕಣ್ಣಿಗೆ ಚಂದನ ಐತಿ, ಗೋಂದೂ ಹೊರಗ ಬಂದೈತಿ. ಕತ್ತರಿಸಿದ ಕೂಡ್ಲೇ ಒಂದು ವಾಟಗ ಆಗುವಷ್ಟು ನೀರು ಸುರೀತು, ಒಳಗ ಹಸಿರಗಟ್ಟಿದ ಕನೆಕ್ಟರ್ ವಾಸನಿ. ನಮ್ಮ ಹಿರೇ ಜಾಯಿಂಟರ್ ಸಿಪ್ಪಿ ಮ್ಯಾಲ ಉಗುರು ಆಡಿಸಿ ತೋರಿಸಿದ್ರು, ಉದ್ದಕ್ಕ ಎಳೆದ ಎಮರಿ ಗೆರಿಗಳು, ಒಂದೊಂದೂ ಕೂದಲ ದಪ್ಪದ ಕಾಲುವಿ, ಸ್ಲೀವಿನ ಹೊರಗಿಂದ ಒಳಗಿನ ತನಕ. "ನೀರಿಗೆ ನೀನ ದಾರಿ ಮಾಡಿ ಕೊಟ್ಟಿಯಲ್ಲೋ ತಮ್ಮಾ" ಅಂದ್ರು. ಬೈಲಿಲ್ಲ, ಅಷ್ಟ ಅಂದ್ರು. ಅವರು ಸೀಸದ ಕೇಬಲ್ ಕಾಲದವ್ರು, ಕಾಗದ ಸುತ್ತಿದ ತಂತಿ, ಕರಗಿದ ಸೀಸ ಅರಿವಿಯಿಂದ ಒರಸಿ ಒರಸಿ ಜಾಯಿಂಟ್ ಗುಂಡಗ ಮಾಡೋರು, ಒಂದು ಹನಿ ಬೆವರು ಕಾಗದಕ್ಕ ಬಿದ್ರೂ ಕೆಲಸ ಕೆಡತಿತ್ತು.

ಉಜ್ಜಿದ ಮ್ಯಾಲ ಸ್ಲೀವಿನ ಅಂಚು ಬರೋ ಜಾಗದಾಗ ಅಲ್ಯೂಮಿನಿಯಂ ಟೇಪ್ ಸುತ್ತ್ರಿ, ಅದು ಹೊರಗಿನ ಕೇಬಲ್ ಸುಡದಂಗ ಕಾಯತೈತಿ. ಟಾರ್ಚ್ ತಗ್ಗಿನ ಮ್ಯಾಲ ನಿಂತು ಹಚ್ಚ್ರಿ, ಸಿಲಿಂಡರ್ ಯಾವತ್ತೂ ತಗ್ಗಿನಾಗ ಇಳಸಬ್ಯಾಡ್ರಿ, ಅಡಿಗಿ ಗ್ಯಾಸ್ ಗಾಳಿಗಿಂತ ಭಾರ, ಲೀಕ್ ಆದ್ರ ತಗ್ಗಿನಾಗ ಕುಂದರತೈತಿ. ಜ್ವಾಲಿ ಹಳದಿ, ಮೆತ್ತಗ ಇರಲಿ, ನೀಲಿ ಚೂಪು ಜ್ವಾಲಿ ಸ್ಲೀವ್ ಸುಡತೈತಿ. ಉಜ್ಜಿದ ಸಿಪ್ಪಿಗೆ ಒಂದು ಸಲ ಜ್ವಾಲಿ ಆಡಿಸಿ ಬೆಚ್ಚಗ ಮಾಡ್ರಿ.

ಸ್ಲೀವ್ ಸುತ್ತಿ ಎರಡೂ ಅಂಚಿನ ಹಳಿ ಕೂಡಿಸಿ ಸ್ಟೀಲ್ ಚಾನೆಲ್ ಸರಸ್ರಿ, ಸ್ಲೀವ್ ಸರೀ ನಡುವ ಬಂದೈತಿ ನೋಡ್ರಿ. ಒಂದ ಕಡೆಯಿಂದ ಎರಡು ಕೇಬಲ್ ಬರತಿದ್ರ ಅವೆರಡರ ನಡುವ ಕವಲಿನ ಕ್ಲಿಪ್ ಹಾಕೋದು ಮರೀಬ್ಯಾಡ್ರಿ. ನಡುವಿನಿಂದ ಕಾಸಾಕ ಶುರು ಮಾಡಿ ಸುತ್ತಲೂ ಕೂಡ್ಸಿ, ಆಮ್ಯಾಲ ಒಂದು ತುದಿ, ಆಮ್ಯಾಲ ಇನ್ನೊಂದು. ತುದಿಯಿಂದ ಶುರು ಮಾಡಿದ್ರ ಗಾಳಿ ಒಳಗ ಸಿಕ್ಕೊಂಡು ಗುಳ್ಳಿ ಆಗತೈತಿ. ಟಾರ್ಚ್ ಒಂದ ಕಡೆ ನಿಲ್ಲಬಾರದು, ಸುಣ್ಣ ಹಚ್ಚೋ ಬ್ರಷ್ ಆಡಿಸಿದಂಗ ಆಡತಿರಬೇಕ. ಸ್ಲೀವ್ ಮ್ಯಾಲ ಹಸಿರು ಚುಕ್ಕಿ ಇರತಾವ, ಕಾವು ಸಾಕಾತಂದ್ರ ಕಪ್ಪಾಗತಾವ. ಎಲ್ಲಾ ಚುಕ್ಕಿ ಕಪ್ಪಾಗಬೇಕ, ಹೊಟ್ಟಿ ಕೆಳಗಿನವೂ. ಅಲ್ಲಿ ಬಗ್ಗಿ ನೋಡಾಕ ಆಗಂಗಿಲ್ಲ ಅಂತ ಒಂದು ಸಣ್ಣ ಕನ್ನಡಿ ಚೀಲದಾಗ ಇಟ್ಕೋತಿದ್ದೆ ನಾನು. ಕಡೀಗೆ ಚಾನೆಲ್ ಉದ್ದಕ್ಕ ಚಲೋ ಕಾಸ್ರಿ, ಅದರ ಸಂದ್ಯಾಗ ಬಿಳಿ ಗೆರಿ ಕಾಣೋ ತನಕ. ಎರಡೂ ತುದಿಯೊಳಗ ಗೋಂದು ಸುತ್ತಲೂ ಹೊರಗ ಇಣುಕಿರಬೇಕ.

ಆಮ್ಯಾಲ ಮುಟ್ಟಬ್ಯಾಡ್ರಿ. ಬಿಸಿ ಇದ್ದಾಗ ಕೇಬಲ್ ಅಲುಗಾಡಿದ್ರ ಗೋಂದು ಬಿಡತೈತಿ. ಕೈ ಇಟ್ರ ತಂಪು ಅನ್ನೋ ತನಕ ಬಿಡ್ರಿ, ನೀರು ಸುರದು ತಣ್ಣಗ ಮಾಡಾಕ ಹೋಗಬ್ಯಾಡ್ರಿ. ಚಹಾ ಕುಡಿಯೋ ಟೈಮ್ ಇದ.

10, 20 ಪೇರಿನ ಸಣ್ಣ ಕೇಬಲ್ಲಿಗೆ ಡಬ್ಬಿಯೊಳಗ ರೆಸಿನ್ ಸುರಿಯೋ ಕಿಟ್ ಸಿಗತಾವ, ಬೆಂಕಿ ಬ್ಯಾಡ. ಎರಡೂ ಭಾಗ ಪೂರ್ತಿ ಕಲಸ್ರಿ, ಬಣ್ಣ ಒಂದ ಸಮ ಆಗೋ ತನಕ, ಒಂದ ಕಡೆಯಿಂದ ನಿಧಾನಕ್ಕ ಸುರೀರಿ. ಸಿಪ್ಪಿ ಉಜ್ಜೋದು ಇದಕ್ಕೂ ಹಂಗ.

ಮಣ್ಣು ಮುಚ್ಚೋದು, ಬರದಿಡೋದು

ಜಾಯಿಂಟಿನ ಕೆಳಗ ಮ್ಯಾಲ ಒಂದೊಂದು ಗೇಣು ಉಸುಕು ಹಾಕ್ರಿ, ಎರಿ ಮಣ್ಣಿನ ಹೆಂಟಿ ಸೀದಾ ಜಾಯಿಂಟ್ ಮ್ಯಾಲ ಬೀಳಬಾರದು, ಒಣಗಿದ ಎರಿ ಹೆಂಟಿ ಕಲ್ಲಿನಂಗ ಇರತೈತಿ. ಉಸುಕಿನ ಮ್ಯಾಲ ಇಟ್ಟಂಗಿ ಇಲ್ಲಾ ಒಡದ ಫರ್ಸಿ, ಆಮ್ಯಾಲ ಮಣ್ಣು ಪದರ ಪದರ ಹಾಕಿ ತುಳೀರಿ. ಮ್ಯಾಲ ಸ್ವಲ್ಪ ಉಬ್ಬು ಬಿಡ್ರಿ, ಮಳಿಗೆ ಕುಸೀತೈತಿ.

ನೋಟ್‌ಬುಕ್‌ನಾಗ ತಾರೀಖು, ಕೇಬಲ್ ಸೈಜು, ಯಾವ ಪೇರ್ ಕೆಟ್ಟಾವ, ಮತ್ತ ಜಾಗ ಬರೀರಿ. ಜಾಗ ಅಂದ್ರ ಬರೇ "ಗುಡಿ ಹತ್ರ" ಅಂತ ಬರೆದ್ರ ಉಪಯೋಗ ಇಲ್ಲ. ಗುಡಿ ಕಟ್ಟಿ ಮೂಲಿಯಿಂದ ಎಷ್ಟು ಮೀಟರ್, ಟ್ರಾನ್ಸ್‌ಫಾರ್ಮರ್ ಕಂಬದಿಂದ ಎಷ್ಟು ಮೀಟರ್, ಎರಡು ಅಳತಿ ಬೇಕ, ರಸ್ತೆ ಅಗಲ ಮಾಡಿದಾಗ ಒಂದು ಗುರ್ತು ಹೋದ್ರೂ ಇನ್ನೊಂದು ಉಳೀತೈತಿ. ಮುಚ್ಚೋದಕ್ಕ ಮೊದಲ ಮೊಬೈಲ್ ಲೊಕೇಶನ್ ಹಾಕಿ ಒಂದು ಫೋಟೋನೂ ತಗೀರಿ. ಖಾಲಿ ಇರೋ ಎರಡು ಪೇರಿನ ಮೆಗ್ಗರ್ ರೀಡಿಂಗ್ ಅದ ಪುಟದಾಗ ಬರದಿಡ್ರಿ. ಮೊದಲ ದೊಡ್ಡ ಮಳಿ ಬಿದ್ದು ನಾಕು ದಿನ ಆದ ಮ್ಯಾಲ ಅವೆರಡ ಪೇರಿಗೆ ಮತ್ತ ಮೆಗ್ಗರ್ ಹಚ್ಚಿ ಹಳೇ ರೀಡಿಂಗ್ ಪಕ್ಕದಾಗ ಹೊಸದು ಬರೀರಿ, ಬಿದ್ದಿದ್ರ ಉಳಿದ 98 ಪೇರ್ ಕೆಡೋದಕ್ಕ ಮೊದಲ ತಗ್ಗು ತಗೀರಿ.